ಹಲಗೆಯೂ ಹುಡಿಯೂ

ಮಲೆನಾಡಿನ ನಮ್ಮ ಹಳೆಯ ಮನೆಯ ಹಿತ್ತಲಲ್ಲಿ ಅಜ್ಜ ನೆಟ್ಟ ಒಂದು ಹಲಸಿನ ಮರವಿತ್ತು. ಕಳೆದ ಬೇಸಗೆಯಲ್ಲಿ ತಮ್ಮ ಫೋನು ಮಾಡಿ, "ಅಣ್ಣ, ಆ ಮರ ಕಡಿಸಿ ಹಲಗೆ ಮಾಡಿಸಲೇನು?" ಎಂದು ಕೇಳಿದ. "ಆಗಲಿ ಮಾರಾಯ" ಎಂದೆ. ಅರುವತ್ತು ವರ್ಷ ಬೆಳೆದ ಮರದ ವಿಚಾರಣೆ ಒಂದು ನಿಮಿಷದಲ್ಲಿ ಮುಗಿದುಹೋಯಿತು.

ನಾನು ಊರಿಗೆ ಹೋದ ದಿನ ದಿಮ್ಮಿ ಅಂಗಳದಲ್ಲಿ ಬಿದ್ದಿತ್ತು. ಕೆಲಸಗಾರನೊಬ್ಬ ಅದರ ಬೆನ್ನಿಗೆ ಏಣಿಯೊಂದನ್ನು ಬಿಗಿದು, ಚೌಕಟ್ಟಿಗೆ ಸಿಕ್ಕಿಸಿದ ಚೈನ್ ಗರಗಸವನ್ನು ಏಣಿಯ ಗುಂಟ ನೂಕುತ್ತ, ಸಂಜೆಯೊಳಗೆ ಇಂಚು ದಪ್ಪದ ಹಲಗೆಗಳನ್ನು ಸೀಳಿಟ್ಟ.

ನನ್ನ ಬಾಲ್ಯದಲ್ಲಿ ಈ ಕೆಲಸಕ್ಕೆ ಇಬ್ಬರು ಬರುತ್ತಿದ್ದರು. ದಿಮ್ಮಿಯನ್ನು ಅಟ್ಟಣೆಗೇರಿಸಿ, ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು, ದಿನಗಟ್ಟಲೆ ಉದ್ದ ಗರಗಸವನ್ನು ಎಳೆಯುತ್ತಿದ್ದರು. ಕೆಳಗಿನವನ ಕಣ್ಣು ಮೂಗಿಗೆಲ್ಲ ಹುಡಿ. ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಹಾಗೆ ಹೇಳುವ ನಮ್ಮಲ್ಲಿ ಯಾರೂ ಕೆಳಗೆ ನಿಂತವರಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಮಾಡಿದ ವಿದ್ಯುತ್ ಗರಗಸವನ್ನು ಹಿಡಿಯಲೂ ಇಬ್ಬರು ಬೇಕಾಗಿತ್ತು. ಈಗ ಒಬ್ಬನೇ ಸಾಕು.

ಆದರೆ ಆ ಶ್ರಮ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಇಬ್ಬರ ಕೂಲಿ, ನಾಲ್ಕು ದಿನದ ಊಟ ಎಂದು ಲೆಕ್ಕ ಹಾಕುವಾಗಲೇ ಅಜ್ಜನಿಗೆ, ಈ ಮರವನ್ನು ಕಡಿಯಲೇಬೇಕೆ ಎಂಬ ಯೋಚನೆ ಬರುತ್ತಿತ್ತು. ಹಾಗಾದರೆ ಅಜ್ಜನ ಸಂಯಮ ಅವರದೋ, ಗರಗಸದ್ದೋ? ಸದ್ಗುಣವೆಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಬರಿಯ ಅಶಕ್ತಿಯೆಂಬುದು, ಕೈಗೆ ಬಲ ಬರುವ ತನಕ ತಿಳಿಯುವುದಿಲ್ಲ. ನನ್ನ ಕೈಗೆ ಬಲ ಬಂದಿತ್ತು, ನಾನು ಯೋಚಿಸಲಿಲ್ಲ.

ಅಂಗಳದ ತುಂಬ ಹಳದಿ ಹುಡಿ. ಈ ಗರಗಸದ ಸರಪಳಿ ಒಂದೊಂದು ಕೊಯ್ತಕ್ಕೂ ಸುಮಾರು 8 ಮಿಲಿಮೀಟರು ಮರವನ್ನು ತಿನ್ನುತ್ತದೆ. ಮೂರು ಕೊಯ್ತವೆಂದರೆ ಹೆಚ್ಚುಕಡಿಮೆ ಒಂದು ಹಲಗೆ. ಕೆಲಸಗಾರ ಹಲಗೆಗಳ ನಡುವೆ ರೀಪು ಇಟ್ಟು ನೆರಳಿನಲ್ಲಿ ಪೇರಿಸುತ್ತ, "ಒಂದು ವರ್ಷ ಮುಟ್ಟಬೇಡಿ ಸ್ವಾಮಿ, ಹಸಿ ಹಲಗೆ ಸೊಟ್ಟಗಾಗುತ್ತದೆ" ಎಂದ. ಕೊಯ್ಯುವುದಕ್ಕೆ ಯಂತ್ರ ಬಂದಿದ್ದರೂ, ಗಾಳಿಯಲ್ಲಿ ಆರುವುದಕ್ಕೆ ಹಲಗೆ ತನ್ನ ಕಾಲವನ್ನೇ ತೆಗೆದುಕೊಳ್ಳುತ್ತದೆ.

ಆಗ ತಮ್ಮನನ್ನು ಕೇಳಿದೆ: "ಇವು ಯಾತಕ್ಕೋ?"

"ಯಾತಕ್ಕಾದರೂ ಆದಾವು, ಅಣ್ಣ."

ತಪ್ಪು ಅವನದಲ್ಲ, ಯಂತ್ರದ್ದೂ ಅಲ್ಲ. ಹಿಂದೆ ತೋಳಿನ ದಣಿವು ನಮಗಾಗಿ ಕೇಳುತ್ತಿದ್ದ ಪ್ರಶ್ನೆಯನ್ನು ಇನ್ನು ನಾವೇ ಕೇಳಿಕೊಳ್ಳಬೇಕು. ಅದೂ ಮರ ನಿಂತಿರುವಾಗಲೇ. ನಾನು ಕೇಳಿದ್ದು ಹಲಗೆ ಪೇರಿಸಿದ ಮೇಲೆ.