ಬುತ್ತಿ ತೀರುವ ತನಕ

ಅನಿತ್ಯದ ಮಾತೆತ್ತಿದರೆ ಸಾಕು, ನೀರ್ಗುಳ್ಳೆಯೂ ಬಾಡುವ ಹೂವೂ ಓಡಿಬರುತ್ತವೆ. ಅಷ್ಟು ದೂರ ಹೋಗುವುದೇಕೆ? ನಮ್ಮ ಮೂಳೆಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತಿವೆ. ಹೆಚ್ಚುಕಡಿಮೆ ಅಷ್ಟೇ ಕಣಗಳು ಅದೇ ಹೊತ್ತಿಗೆ ಇಲ್ಲವಾಗುತ್ತಿವೆ. 'ನನ್ನ ರಕ್ತ' ಎನ್ನುವುದು ಈ ಎರಡು ಲೆಕ್ಕಗಳು ತಾಳೆಯಾಗುವವರೆಗೆ ಮಾತ್ರ.

ಬೆಳೆಯುವುದೆಂದರೆ ಕೂಡಿಸಿಕೊಳ್ಳುವುದು ಎಂದು ನಂಬಿದವರಿಗೆ ಈ ಕಣ ಒಂದು ಒಗಟು. ಬಲಿಯುತ್ತ ಬಂದಂತೆ ಅದು ತನ್ನ ಶ್ರಮವನ್ನೆಲ್ಲ ಹಿಮೋಗ್ಲೋಬಿನ್ ತಯಾರಿಕೆಗೆ ಸುರಿಯುತ್ತದೆ. ಉಳಿದ ಎಷ್ಟೋ ಪ್ರೋಟೀನುಗಳ ಉತ್ಪಾದನೆ ನಿಂತುಹೋಗುತ್ತದೆ. ಹಿಮೋಗ್ಲೋಬಿನ್ನಿನ ಕಬ್ಬಿಣವೂ ಆಮ್ಲಜನಕವೂ ಕೂಡಿದಲ್ಲಿ ಉತ್ಕರ್ಷಣದ ಕಾಟ ತಪ್ಪದು. ಹಾಗಾಗಿ ಕ್ಯಾಟಲೇಸ್, ಪೆರಾಕ್ಸಿರೆಡಾಕ್ಸಿನ್‌ನಂಥ ಕಾವಲು ಪ್ರೋಟೀನುಗಳೂ ಆಗಲೇ ಸಿದ್ಧವಾಗಬೇಕು. ಆಮೇಲೆ ಕಣ ತನ್ನ ನ್ಯೂಕ್ಲಿಯಸ್ಸನ್ನೇ ಹೊರದೂಡುತ್ತದೆ. ಪಕ್ಕದಲ್ಲಿರುವ ಮ್ಯಾಕ್ರೋಫೇಜ್ ಎಂಬ ಕೋಶ ಅದನ್ನು ನುಂಗಿಬಿಡುತ್ತದೆ. ಮೈಟೊಕಾಂಡ್ರಿಯ, ರೈಬೋಸೋಮ್‌ಗಳೂ ಕೆಲವೇ ದಿನಗಳಲ್ಲಿ ಹೋಗುತ್ತವೆ. ಇನ್ನು ಹೊಸ ಪ್ರೋಟೀನಿನ ಮಾತೇ ಇಲ್ಲ. ಕಟ್ಟಿಕೊಂಡ ಬುತ್ತಿಯಲ್ಲೇ ಸುಮಾರು 120 ದಿನ ಸಾಗಬೇಕು. ಇದನ್ನು ತ್ಯಾಗವೆಂದು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಕಣಕ್ಕೆ ಬೇರೆ ದಾರಿಯೇ ಇರಲಿಲ್ಲವಲ್ಲ!

ಹೊತ್ತದ್ದೇ ಹೊತ್ತವನನ್ನು ಸವೆಸುತ್ತದೆ. ಆಮ್ಲಜನಕವನ್ನು ಹಿಡಿದು ಬಿಡಬಲ್ಲ ಕಬ್ಬಿಣ ಆಗಾಗ ಎಡವಿ ಒಂದು ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ. ಹಾಗಾದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದು. ಅದನ್ನು ಮತ್ತೆ ಸರಿದಾರಿಗೆ ತರುವ ಕಿಣ್ವಗಳೇನೋ ಇವೆ. ಆದರೆ ಅವಕ್ಕೂ ವಯಸ್ಸಾಗುತ್ತದೆ, ಅವುಗಳ ಜಾಗಕ್ಕೆ ಹೊಸಬರು ಬರುವುದಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೆಲವರು ಮಲೇರಿಯಾಕ್ಕೆಂದು ಪ್ರೈಮಾಕ್ವಿನ್ ನುಂಗಿದರೆ ಹಳೆಯ ಕಣಗಳು ಮೊದಲು ಒಡೆಯುತ್ತವೆ, ಎಳೆಯವು ತಾಳಿಕೊಳ್ಳುತ್ತವೆ. ಒಂದೇ ನಾಳದಲ್ಲಿ ಹರಿಯುವ ಯೌವನ, ಮುಪ್ಪುಗಳು ಆಗ ಬೇರೆಬೇರೆಯಾಗಿ ಕಾಣುತ್ತವೆ. ಕಣದ ಕೆಲಸ ಯಾವುದು, ಅದರ ಸಾವಿನ ಕಾರಣ ಯಾವುದು ಎಂದು ಬಿಡಿಸಿ ತೋರಿಸುವುದು ಕಷ್ಟ, ಎರಡೂ ಒಂದೇ.

ಸವೆದ ಕಣದ ಹೊರಪೊರೆ ಬದಲಾಗುತ್ತದೆ. ಗುಲ್ಮ, ಯಕೃತ್ತುಗಳ ಮ್ಯಾಕ್ರೋಫೇಜ್‌ಗಳು ಅದರ ಗುರುತು ಹಿಡಿದು ನುಂಗುತ್ತವೆ. ಹುಟ್ಟುವಾಗ ನ್ಯೂಕ್ಲಿಯಸ್ಸನ್ನು ನುಂಗಿದ್ದೂ ಇದೇ ಜಾತಿಯ ಕೋಶ. ಆದರೆ ಕಬ್ಬಿಣವನ್ನು ಅವು ಇಟ್ಟುಕೊಳ್ಳುವುದಿಲ್ಲ, ಮಜ್ಜೆಗೇ ಮರಳಿಸುತ್ತವೆ. ಹೀಗೆ ಸತ್ತ ಕಣಗಳಿಂದ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಹೊಸ ಕಣಗಳಿಗೆ ಸಿಗುತ್ತದೆ. ನಾವು ಉಣ್ಣುವ ಊಟದಿಂದ ದೇಹ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ.