ಉಂಡ ಮನೆಯ ಋಣ

ಉಂಡ ಮನೆಯ ಗಳ ಎಣಿಸಬಾರದೆಂಬುದು ನಮ್ಮ ಹಿರಿಯರ ಮಾತು. ಮಾತೇನೋ ಚಿಕ್ಕದು, ಆದರೆ ಆ ಋಣ ಎಲ್ಲಿಯವರೆಗಿನದು ಎಂದು ಕೇಳಿದರೆ ಉತ್ತರ ಸುಲಭವಲ್ಲ. ನಮ್ಮ ಬೇಗಂಪೇಟೆಯಿಂದ ಕೆಲವೇ ಮೈಲಿ ದೂರದ ಗೋಲ್ಕೊಂಡದಲ್ಲಿ ನಡೆದ ಒಂದು ದಾಯಾದಿ ಕಲಹ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಕುತುಬ್‌ಶಾಹಿ ಮನೆತನದ ಮೂಲಪುರುಷ ಸುಲ್ತಾನ್ ಕುಲಿ 1543ರಲ್ಲಿ, ಮಸೀದಿಯಲ್ಲಿ ಪ್ರಾರ್ಥನೆಯಲ್ಲಿದ್ದಾಗಲೇ ಕೊಲೆಯಾದನು. ಮಾಡಿಸಿದವನು ಮಗ ಜಂಷೀದ್. ಅಣ್ಣನ ಕಣ್ಣು ಕೀಳಿಸಿ ತಾನೇ ಪಟ್ಟವೇರಿದನು. ತಮ್ಮ ಇಬ್ರಾಹೀಮ್ ಬೀದರಿಗೆ, ಅಲ್ಲಿಂದ ವಿಜಯನಗರಕ್ಕೆ ಓಡಿ ಜೀವ ಉಳಿಸಿಕೊಂಡನು. ಅಳಿಯ ರಾಮರಾಯ ಅವನನ್ನು ಏಳು ವರ್ಷ ಇಟ್ಟುಕೊಂಡು ಸಲಹಿದನು. 1550ರಲ್ಲಿ ಜಂಷೀದ್ ಸತ್ತ ಮೇಲೆ ಇಬ್ರಾಹೀಮ್ ಹಿಂದಿರುಗಿ, ಅಣ್ಣನ ಎಳೆಯ ಮಗನನ್ನು ಬದಿಗೆ ಸರಿಸಿ ದೊರೆಯಾದನು. 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿಯ ರಣರಂಗದಲ್ಲಿ ಅದೇ ರಾಮರಾಯನ ಎದುರು ಪಾಳೆಯದಲ್ಲಿ ನಿಂತನು. ರಾಮರಾಯನ ತಲೆ ಉರುಳಿತು, ಹಂಪೆ ಹಾಳಾಯಿತು.

ಕೃತಘ್ನನೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡಬಹುದು. ಆದರೆ ಅವನ ಪರವಾಗಿಯೂ ಹೇಳುವುದಿದೆ. ರಾಮರಾಯ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನಾಗಿ ಎತ್ತಿಕಟ್ಟುತ್ತ, ಗೋಲ್ಕೊಂಡದ ಗಡಿಯ ಪಾನಗಲ್ಲು, ಘನಪುರದ ಕೋಟೆಗಳನ್ನು ಕಿತ್ತುಕೊಂಡಿದ್ದನು. ಇಬ್ರಾಹೀಮನ ವಿರುದ್ಧ ದಂಗೆಯೆದ್ದ ಜಗದೇವರಾಯನಿಗೂ ಆಶ್ರಯ ಕೊಟ್ಟಿದ್ದನು. ವಿಜಯನಗರದಲ್ಲಿ ಉಂಡವನು ಇಬ್ರಾಹೀಮ್. ಆ ಊಟದ ಬೆಲೆಯನ್ನು ಗಡಿಯ ಹಳ್ಳಿಗಳ ರೈತರು ಏಕೆ ತೆರಬೇಕು? ದೊರೆಯಾದವನಿಗೆ ತನ್ನ ಪ್ರಜೆಯ ಋಣವೂ ಇದೆಯಲ್ಲವೆ?

ಸರಿ, ಒಪ್ಪೋಣ. ಕೋಟೆಗಾಗಿ ಕಾದಾಡಿದ್ದರೆ ಯಾರೂ ಅವನನ್ನು ದೂರಬೇಕಾಗಿರಲಿಲ್ಲ. ಆದರೆ ಗಡಿ ಕಾಯುವುದು ಬೇರೆ, ಆಶ್ರಯ ಕೊಟ್ಟ ಊರನ್ನೇ ಸುಲಿಯುವವರ ಜೊತೆಗೂಡುವುದು ಬೇರೆ. ರಾಮರಾಯನ ಆಶ್ರಯದಲ್ಲಿ ರಾಜಕೀಯದ ಲೆಕ್ಕಾಚಾರ ಇದ್ದಿರಬಹುದು. ಆದರೂ ಉಳಿದ ಜೀವ ಉಳಿದದ್ದೇ. ಕೊಟ್ಟವನ ಲೆಕ್ಕ ಪಡೆದವನ ಋಣವನ್ನು ಅಳಿಸುವುದಿಲ್ಲ. ಋಣವು ವಿರೋಧವನ್ನು ತಡೆಯುವುದಿಲ್ಲ, ವಿನಾಶವನ್ನು ತಡೆಯುತ್ತದೆ.

ಇದೇ ಇಬ್ರಾಹೀಮ್ ತೆಲುಗು ಕವಿಗಳನ್ನು ಪೋಷಿಸಿ ‘ಮಲ್ಕಿಭರಾಮ’ನೆಂದು ಜನರ ಬಾಯಲ್ಲಿ ಉಳಿದನು. ಆಶ್ರಯದ ದಿನಗಳಲ್ಲಿ ಬೆಳೆದ ನಂಟು ಇದೆಂದು ಹೇಳುವವರುಂಟು. ಮನುಷ್ಯ ಒಂದು ಕೈಯಲ್ಲಿ ಋಣ ತೀರಿಸುತ್ತ ಇನ್ನೊಂದು ಕೈಯಲ್ಲಿ ಅದನ್ನು ಮುರಿಯಬಲ್ಲ.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಈ ಕಥೆ ಹೊರಗಿನದಲ್ಲ. ಅನ್ನ ಕೊಟ್ಟ ಹೈದರಾಬಾದಿನಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಬೇಕೆಂದು ಕೇಳುವುದು ದ್ರೋಹವಲ್ಲ. ಈ ಊರನ್ನು ಹಗಲಿರುಳು ಹೀಗಳೆಯುವುದು ಋಣಗೇಡಿತನ. ಊರಿನಿಂದ ಕೆಲಸ ಹುಡುಕಿ ಬಂದು ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಉಂಡ ಹುಡುಗನ ವಿಷಯದಲ್ಲಿಯೂ ಅಷ್ಟೇ. ಅವನು ಮುಂದೆ ನಮ್ಮ ಮಾತಿಗೆ ಎದುರಾಡಿದರೆ, ಹಾಕಿದ ಅನ್ನವನ್ನು ಎಣಿಸಿ ತೋರಿಸಬಾರದು. ಉಂಡವನು ಗಳ ಎಣಿಸದಿರಲಿ. ಬಡಿಸಿದವನು ತುತ್ತು ಎಣಿಸದಿರಲಿ.