ಯಾವ ತಂತಿಗೆ ಜೋಡಿಸೋದು?

ಬೈಕಿಗೆ ಹೊರಗಿಂದ ಹಾಕಿಸಿದ ಎಕ್ಸ್‌ಟ್ರಾ ಲೈಟು ಹತ್ತುತ್ತಿಲ್ಲ ಅಂದರೆ ಬಹುತೇಕ ಸಲ ಕೆಟ್ಟಿರೋದು ಲೈಟಲ್ಲ. ಫ್ಯೂಸ್ ಹೋಗಿರುತ್ತೆ, ಕನೆಕ್ಟರಿಗೆ ನೀರು ಹೊಕ್ಕಿರುತ್ತೆ, ಹ್ಯಾಂಡಲ್ ತಿರುಗುವ ಜಾಗದಲ್ಲಿ ತಂತಿ ಒಳಗೊಳಗೇ ತುಂಡಾಗಿರುತ್ತೆ. ಆದರೂ ನಾವು ಮೊದಲು ಮಾಡೋ ಕೆಲಸ ಅಂದ್ರೆ ಮೊಬೈಲ್ ತೆಗೆದು ಹೊಸ ಲೈಟು ಆರ್ಡರ್ ಮಾಡೋದು. ನನ್ನ ಗೆಳೆಯನೊಬ್ಬ ಹೀಗೇ ಎರಡನೇ ಜೋಡಿ ಕೊಳ್ಳುವ ಹಂತಕ್ಕೆ ಬಂದಿದ್ದ. ಶುಕ್ರವಾರ ಆಫೀಸು ಮುಗಿಸಿ ಬೆಂಗಳೂರಿನಿಂದ ಮೂಡಿಗೆರೆಗೆ ಬೈಕಲ್ಲಿ ಹೋಗುವ ಆಸಾಮಿ. ಹಾಸನದವರೆಗೆ ಹೈವೇ, ಬೇಲೂರು ದಾಟಿದ ಮೇಲೆ ಕತ್ತಲು. ಅವನ ಲೈಟು ಒಂದೊಂದು ಸಲ ಮಿಣಮಿಣ ಅನ್ನೋದು, ಒಂದೊಂದು ಸಲ ಆರಿಯೇ ಹೋಗೋದು. ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ವಾರ್ನಿಂಗ್ ಬೇರೆ.

ಬೈಕು ರಿಪೇರಿ ಅಂದ ಕೂಡಲೇ ತತ್ವಜ್ಞಾನಕ್ಕೆ ಹಾರುವ ಚಟ ರಾಬರ್ಟ್ ಪರ್ಸಿಗ್ 1974ರಲ್ಲಿ ಆ ಪ್ರಸಿದ್ಧ ಪುಸ್ತಕ ತಂದಾಗಿನಿಂದ ಇದೆ. ನಾನು ಸ್ವಲ್ಪ ನಿಧಾನವಾಗಿ ಹಾರ್ತೀನಿ. ಮೊದಲು ಮಲ್ಟಿಮೀಟರ್.

ಆರ್‌ಎಕ್ಸ್ 100 ಕಾಲದ ಬೈಕುಗಳಲ್ಲಿ ಯಾವ ತಂತಿ ಕಿತ್ತು ಯಾವುದಕ್ಕೆ ಸುತ್ತಿದರೂ ಬೈಕು ಕೇಳ್ತಿರಲಿಲ್ಲ. ಈಗಿನವು ಹಾಗಲ್ಲ. ಬಾಶ್ ಕಂಪನಿ 1986ರಲ್ಲಿ ಜಗತ್ತಿಗೆ ತೋರಿಸಿದ ಕ್ಯಾನ್ ಬಸ್ ಅನ್ನೋ ವ್ಯವಸ್ಥೆ ಕಾರುಗಳಿಂದ ಇಳಿದು ಬೈಕುಗಳಿಗೂ ಬಂದಿದೆ. ಎಷ್ಟೋ ಬೈಕುಗಳಲ್ಲಿ ಯಾವ ಲೈಟಿಗೆ ಎಷ್ಟು ಕರೆಂಟು ಹೋಗ್ತಿದೆ ಅನ್ನೋದನ್ನ ಕಂಟ್ರೋಲ್ ಯೂನಿಟ್ ಲೆಕ್ಕ ಇಡುತ್ತೆ. ಡಬ್ಬಿಯಲ್ಲಿ ಎಷ್ಟು ಉಂಡೆ ಇತ್ತು ಅಂತ ಗೊತ್ತಿರೋ ಅಜ್ಜಿಯ ಹಾಗೆ. ಒಂದು ಜಾಸ್ತಿ ಹೋದರೂ ಯಾರು ತಿಂದರು ಅಂತ ಕೇಳುತ್ತೆ, ಜಾಸ್ತಿಯಾದರೆ ಡಬ್ಬಿಯನ್ನೇ ಮುಚ್ಚಿಡುತ್ತೆ. ಅಂಗಡಿಯವನು 40 ವ್ಯಾಟಿನ ಎರಡು ಲೈಟನ್ನು ನೇರವಾಗಿ ಹೆಡ್‌ಲೈಟಿನ ತಂತಿಗೇ ಕಚ್ಚಿಸಿದ್ದ. ಆರೇಳು ಆಂಪಿಯರ್ ಎಳೆದರೆ ಅಜ್ಜಿ ಸುಮ್ಮನಿರ್ತಾಳಾ?

ಸರಿಯಾದ ದಾರಿ ರಿಲೇ. ಭಾರದ ಕರೆಂಟು ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸಿನ ಮೂಲಕ ರಿಲೇಯ 30ನೇ ಪಿನ್ನಿಗೆ, 87ರಿಂದ ಲೈಟಿಗೆ. 85, 86 ಎರಡು ಬರೀ ರಿಲೇಗೆ 'ಈಗ ಹತ್ತು, ಈಗ ಆರು' ಅಂತ ಹೇಳೋಕೆ. ಅದಕ್ಕೆ ಬೇಕಾದ್ದು ಒಂದು ಆಂಪಿಯರಿನ ಆರೇಳರಲ್ಲಿ ಒಂದು ಭಾಗ, ಅಷ್ಟೇ. ಇಷ್ಟು ಮಾಡಿದ ಮೇಲೆ ಡ್ಯಾಶ್‌ಬೋರ್ಡಿನ ವಾರ್ನಿಂಗ್ ಹೋಯಿತು, ಮಿಣಮಿಣ ಮಾತ್ರ ಉಳಿಯಿತು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್, ಲೈಟಿನ ಹತ್ತಿರ 11. ಮೂರು ವೋಲ್ಟ್ ದಾರಿಯಲ್ಲೇ ಕಳೆದುಹೋಗ್ತಿತ್ತು. ಕೆಂಪು ತಂತಿ ಸರಿಯಿದೆ. ಮೀಟರಿನ ಒಂದು ಕಡ್ಡಿ ಲೈಟಿನ ಕಪ್ಪು ತಂತಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟರೆ ಕಳ್ಳ ಅಲ್ಲೇ ಸಿಕ್ಕಿದ. ಪೇಂಟ್ ಮೆತ್ತಿದ ಬೋಲ್ಟಿಗೆ ಅರ್ತ್ ಕೊಟ್ಟಿದ್ದರು. ಅದನ್ನ ಕಿತ್ತು ನೇರ ಬ್ಯಾಟರಿಗೆ ಎಳೆದೆವು. ಬೇಸ್‌ಮೆಂಟಿನ ಗೋಡೆ ಮೇಲೆ ಹಗಲು ಮೂಡಿತು.

ಇಲ್ಲಿಗೆ ರಿಪೇರಿ ಮುಗಿಯಿತು ಅನ್ನಬಹುದಿತ್ತು. ಆದರೆ 86ನೇ ಪಿನ್ನು ಇನ್ನೂ ತಾತ್ಕಾಲಿಕವಾಗಿ ನೇತಾಡ್ತಿತ್ತು. ರಿಲೇಗೆ ಅಪ್ಪಣೆ ಎಲ್ಲಿಂದ ಬರಬೇಕು? ಇಗ್ನಿಶನ್ ತಂತಿಗೆ ಕೊಟ್ಟರೆ ಕೀ ತಿರುಗಿಸಿದ ಕೂಡಲೇ ಹತ್ತಿ ಹಾಗೇ ಉರೀತಿರುತ್ತೆ. ಬೇರೆ ಸ್ವಿಚ್ ಇಟ್ಟರೆ ನಮ್ಮಿಷ್ಟ. ಹೈಬೀಮ್ ತಂತಿಗೆ ಕೊಟ್ಟರೆ ಡಿಪ್ ಮಾಡಿದ ತಕ್ಷಣ ಇದೂ ಆರುತ್ತೆ. ಮೂರರಲ್ಲೂ ಲೈಟು ಒಂದೇ, ಬೆಳಕು ಒಂದೇ. ಎದುರಿಗೆ ಬರೋನ ಪಾಲಿಗೆ ಮಾತ್ರ ಮೂರೂ ಬೇರೆ ಬೇರೆ.

ಗೆಳೆಯ ಸ್ವಿಚ್ ಸಾಕು ಅಂದ. "ನಾನೇನು ಅಷ್ಟು ಕೆಟ್ಟವನಾ? ಯಾರಾದ್ರೂ ಬಂದ್ರೆ ಆಫ್ ಮಾಡ್ತೀನಿ, ರಸ್ತೆ ಅಷ್ಟೊಂದು ಕೆಟ್ಟಿದ್ರೆ ಮಾಡಲ್ಲ. ಮೊದಲು ನನ್ನ ಜೀವ ಅಲ್ವಾ?" ಈ ವಾದವನ್ನು ಸ್ವಾರ್ಥ ಅಂತ ತಳ್ಳಿಹಾಕೋಕೆ ನಂಗೆ ಮನಸ್ಸಿಲ್ಲ. ಎದುರಿಂದ ಗಾಡಿ ಬರುವ ಹೊತ್ತಲ್ಲೇ ರಸ್ತೆಯ ಅಂಚು ಅತಿ ಕಪ್ಪಾಗಿ ಕಾಣೋದು. ರಿಫ್ಲೆಕ್ಟರ್ ಇಲ್ಲದ ಟ್ರೇಲರ್ರು, ಮಲಗಿದ ಎಮ್ಮೆ, ಬಣ್ಣ ಹೋದ ಹಂಪು ಎಲ್ಲ ಇರೋದು ಅಲ್ಲೇ. ಆ ಹೊತ್ತಲ್ಲೇ ಲೈಟು ಆರಿಸು ಅನ್ನೋದು ಸಣ್ಣ ಬೇಡಿಕೆಯಲ್ಲ.

ಇದಕ್ಕೆ ಎಲ್ಲರೂ ಕೊಡೋ ಉತ್ತರ ಇದೆ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣು ಕುಕ್ಕಿಸಿಕೊಂಡವನು ಮೂರು ಸೆಕೆಂಡು ಕುರುಡಾದರೆ 50 ಮೀಟರ್ ಕುರುಡಾಗಿ ಬರ್ತಾನೆ, ಅದೂ ನಿನ್ನ ಕಡೆಗೇ. ಹಾಗಾಗಿ ಡಿಪ್ ಮಾಡೋದು ನಿನಗೇ ಒಳ್ಳೇದು. ಈ ಉತ್ತರ ನಿಜ, ಆದರೆ ನನಗೆ ಅದರ ಮೇಲೆ ಅಷ್ಟು ವಿಶ್ವಾಸ ಇಲ್ಲ. ಲಾರಿಯವನ ಮಟ್ಟಿಗೆ ನಡೆಯುತ್ತೆ, ಅವನು ಗುದ್ದಬಲ್ಲ, ತಿರುಗಿಸಿ ಹೈಬೀಮ್ ಹೊಡೆಯಬಲ್ಲ. ಸೈಕಲ್ಲಿನಲ್ಲಿ ಬರ್ತಿರೋ ವಯಸ್ಸಾದವರು? ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗಿ ಬೆಳಕನ್ನು ಚೆದುರಿಸುತ್ತೆ, ನಮಗೆ ಕಿರಿಕಿರಿ ಅನಿಸೋದು ಅವರಿಗೆ ಬಿಳಿ ಗೋಡೆ. ಅವರು ಕಾಲು ಕೆಳಗಿಟ್ಟು, ಕೈ ಅಡ್ಡ ಹಿಡಿದು, ಚರಂಡಿ ಪಕ್ಕ ನಿಂತುಬಿಡ್ತಾರೆ. ಅವರಿಂದ ನನಗೆ ಯಾವ ಅಪಾಯವೂ ಇಲ್ಲ. 'ನಿನಗೇ ಒಳ್ಳೇದು' ಅನ್ನೋ ಕಾರಣ ಅವರ ಮುಂದೆ ಖಾಲಿ. ಆಗ ಉಳಿಯೋದು ಬರೀ ಪ್ರಶ್ನೆ: ತಿರುಗಿಸಿ ಏನೂ ಮಾಡಲಾಗದವರ ಕಣ್ಣಿಗೆ ನಾನು ಎಷ್ಟು ಬೆಲೆ ಕೊಡ್ತೀನಿ?

ಕಾನೂನು ಇದೆ. 2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಕಾರ್ಯಾಚರಣೆ ಮಾಡಿ ಸಾವಿರಾರು ಕೇಸು ಹಾಕಿದರು. ರಾತ್ರಿ ಹನ್ನೊಂದೂವರೆಗೆ ಬೇಲೂರಿನಾಚೆ ಆ ಕಾನೂನು ಎಷ್ಟು ಇರುತ್ತೆ ಅಂತ ಹೋದವರಿಗೆ ಗೊತ್ತು.

ನಾನು ಹೈಬೀಮ್ ತಂತಿಗೇ ಕೊಡೋಣ ಅಂದೆ. "ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ವಾ?" ಅಂದ. ಇಲ್ಲ. ನನ್ನ ಮೇಲೂ ಇಲ್ಲ. ವೈಸರಿನ ಮೇಲೆ ಮಳೆ, ಬೆನ್ನು ನೋವು, ತಲೆಯಲ್ಲಿ ಸೋಮವಾರದ ರಿಲೀಸು. ಆಗ ಪ್ರತಿ ಎರಡು ನಿಮಿಷಕ್ಕೊಮ್ಮೆ ಹೊಸದಾಗಿ ಒಳ್ಳೆಯವನಾಗು ಅಂದರೆ ಯಾವ ಹೆಬ್ಬೆರಳಿಗೂ ಆಗೋ ಕೆಲಸ ಅಲ್ಲ. ಅದಕ್ಕಿಂತ ಶನಿವಾರ ಬೆಳಿಗ್ಗೆ ಕಾಫಿ ಕುಡಿದು, ಯಾರೂ ಎದುರಿಗಿಲ್ಲದಾಗ, ಸ್ಪ್ಯಾನರ್ ಕೈಯಲ್ಲಿರುವಾಗ ಒಂದೇ ಸಲ ತೀರ್ಮಾನ ಮಾಡಿಬಿಡೋದು ಮೇಲು. ರಿಲೇ ಮಾಡಿದ ಒಳ್ಳೇತನ ನಮ್ಮದು ಹೇಗಾಗುತ್ತೆ ಅಂತ ಕೇಳುವವರಿದ್ದಾರೆ. ಸಂಬಳ ಬಂದ ಮಾರನೇ ದಿನವೇ ಎಸ್‌ಐಪಿ ಕಟ್ ಆಗೋ ಹಾಗೆ ಮಾಡಿಟ್ಟವನನ್ನು ಉಳಿತಾಯದ ಗುಣ ಇಲ್ಲದವನು ಅಂತೀವಾ? ತನ್ನ ಕೈಯ ದೌರ್ಬಲ್ಯ ಗೊತ್ತಿದ್ದು ಅದಕ್ಕೆ ಮೊದಲೇ ವ್ಯವಸ್ಥೆ ಮಾಡೋದು ಗುಣದ ಕೊರತೆಯಲ್ಲ, ನನ್ನ ಲೆಕ್ಕದಲ್ಲಿ ಅದೇ ಗುಣ.

ಈ ತಂತಿ ಹುಡುಕೋದೇ ಕಷ್ಟದ ಕೆಲಸ, ಅದನ್ನೂ ಹೇಳಬೇಕು. ಈಗಿನ ಎಷ್ಟೋ ಬೈಕುಗಳಲ್ಲಿ ಸೀಟಿನ ಕೆಳಗೆ ಆಕ್ಸೆಸರಿ ಪ್ಲಗ್ ಸಿದ್ಧವಾಗಿರುತ್ತೆ, ಸಿಕ್ಕಿಸಿದರೆ ಮುಗೀತು, ಯಾವಾಗಲೂ ಉರಿಯೋ ಲೈಟು ರೆಡಿ. ಹೈಬೀಮಿನ ಸಿಗ್ನಲ್ಲಿಗೆ ಮುಂದಿನ ಫೇರಿಂಗ್ ಬಿಚ್ಚಬೇಕು. ಕೆಲವು ಬೈಕುಗಳಲ್ಲಿ ಆ ತಂತಿಯ ಕರೆಂಟು ನಿರಂತರವಾಗಿರಲ್ಲ, ತುಂಡುತುಂಡಾಗಿ ಬರುತ್ತೆ, ರಿಲೇ ಜೀರುಂಡೆ ಥರ ಕಿರ್ ಅನ್ನುತ್ತೆ. ಆಗ ಕ್ಯಾನ್ ಬಸ್ಸಿನ ಮಾತು ಓದುವ ದುಬಾರಿ ಮಾಡ್ಯೂಲ್ ಬೇಕು. ಎದುರಿನವನನ್ನ ಕುರುಡು ಮಾಡೋ ದಾರಿ ಅಗ್ಗ, ಮರ್ಯಾದೆಯ ದಾರಿಗೆ ಅರ್ಧ ದಿನ. ನಮ್ಮ ಅದೃಷ್ಟ, ಈ ಬೈಕಿನ ತಂತಿ ಸೀದಾ ಇತ್ತು.

ಆಮೇಲೆ ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ ಲೈಟಿನ ಕೋನ ಸರಿ ಮಾಡಿದೆವು. ಬೆಳಕಿನ ಗಟ್ಟಿ ಭಾಗ ಲೈಟಿನ ಎತ್ತರಕ್ಕಿಂತ ನಾಲ್ಕು ಬೆರಳು ಕೆಳಗೆ. ಇದನ್ನ ಬೈಕ್ ಮೇಲೆ ಜನ ಕೂತು, ಲಗೇಜ್ ಕಟ್ಟಿಯೇ ಮಾಡಬೇಕು. ಹಿಂದೆ ಭಾರ ಬಿದ್ದರೆ ಮೂತಿ ಮೇಲೇಳುತ್ತೆ, ಬೇಸ್‌ಮೆಂಟಿನಲ್ಲಿ ಸಭ್ಯವಾಗಿದ್ದ ಲೈಟು ಹೆಂಡತಿ ಹತ್ತಿದ ಮೇಲೆ ಮರದ ತುದಿ ನೋಡ್ತಿರುತ್ತೆ.

ಗಾಡಿ ಎದುರಾದರೆ ಡಿಪ್ ಮಾಡೋದು ಅವನಿಗೆ ಅಭ್ಯಾಸವೇ. ನಡ್ಕೊಂಡು ಬರೋರಿಗೆ, ತೋಟದ ಕೆಲಸ ಮುಗಿಸಿ ಅಂಚಲ್ಲಿ ಸಾಲಾಗಿ ಹೋಗೋರಿಗೆ ಮಾಡ್ತೀಯಾ ಅಂತ ಕೇಳಿದೆ.

"ಅವರು ಕಾಣಿಸೋದೇ ಅವರ ಮುಖಕ್ಕೆ ನನ್ನ ಲೈಟು ಬಿದ್ದ ಮೇಲೆ ಅಲ್ವಾ?" ಅಂದ.

ಬ್ರಾಕೆಟ್ಟನ್ನು ಇನ್ನೊಂದು ಬೆರಳು ಕೆಳಗಿಳಿಸಿ ಬೋಲ್ಟು ಬಿಗಿ ಮಾಡಿದೆವು.